ಮೆದುವಾದ ಬೇರು ಮತ್ತೆ ಗಟ್ಟಿಯಾಗುತ್ತದೆ

ಅರವತ್ತು ದಾಟಿದವರ ಹಲ್ಲು ಉದ್ದವಾದಂತೆ ಕಾಣುವುದುಂಟು. ಹಲ್ಲೇನೂ ಬೆಳೆದಿರುವುದಿಲ್ಲ, ವಸಡು ಹಿಂದೆ ಸರಿದು, ಅಷ್ಟು ವರ್ಷ ಮುಚ್ಚಿಕೊಂಡಿದ್ದ ಬೇರು ಹೊರಬಿದ್ದಿರುತ್ತದೆ. ಹುಳುಕಿಗೆ ಇಷ್ಟು ಸುಲಭದ ಜಾಗ ಬಾಯಲ್ಲಿ ಇನ್ನೊಂದಿಲ್ಲ. ಹಲ್ಲಿನ ಮೇಲ್ಭಾಗಕ್ಕೆ ಎನಾಮೆಲ್ ಕವಚವಿದೆ. ಬೇರಿಗಿರುವುದು ಸಿಮೆಂಟಮ್ ಎಂಬ ತೆಳು ಪದರ, ಉಜ್ಜಿ ಉಜ್ಜಿಯೇ ಸವೆದುಹೋಗುವಂಥದ್ದು. ಅದರಡಿಯಲ್ಲೇ ಡೆಂಟಿನ್.

ಬ್ಯಾಕ್ಟೀರಿಯಾಗಳು ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಪಿಎಚ್ ಸುಮಾರು 5.5ಕ್ಕೆ ಇಳಿದರೆ ಎನಾಮೆಲ್ ಕರಗತೊಡಗುತ್ತದೆ. ಬೇರಿಗೆ ಅಷ್ಟು ಹುಳಿಯೂ ಬೇಡ, 6.2ರಿಂದ 6.7ರ ನಡುವೆಯೇ ಅದರ ಖನಿಜ ಕಳಚುತ್ತದೆ. ಇದನ್ನು ತಡೆಯಬೇಕಾದ್ದು ಜೊಲ್ಲು. ಆದರೆ ರಕ್ತದೊತ್ತಡಕ್ಕೆ, ಖಿನ್ನತೆಗೆ, ಅಲರ್ಜಿಗೆ ನುಂಗುವ ಎಷ್ಟೋ ಮಾತ್ರೆಗಳು ಬಾಯಿ ಒಣಗಿಸುತ್ತವೆ. "ವಯಸ್ಸಾಯ್ತಲ್ಲ, ಹಲ್ಲು ಹೋಗೋದೇ" ಎಂದು ಮನೆಯವರು ಕೈಚೆಲ್ಲುವುದನ್ನು ನಾನು ಒಪ್ಪುವುದಿಲ್ಲ. ಹಲ್ಲು ಹೋಗುವುದಕ್ಕೆ ಹೀಗೆ ಕಾರಣಗಳಿರುತ್ತವೆ, ಅವುಗಳಲ್ಲಿ ಹಲವನ್ನು ತಡೆಯಲೂ ಬಹುದು.

ಕೊರೆದು ತುಂಬಿಸುವುದು ಇಲ್ಲಿ ಕಷ್ಟದ ಕೆಲಸ. ವಸಡಿನಂಚು ಸದಾ ತೇವ, ಮುಟ್ಟಿದರೆ ರಕ್ತ, ಒಳಗಿನ ನರವೂ ಹತ್ತಿರ. ಹಾಗಾಗಿ ಸಂಶೋಧಕರು ಬೇರೆ ದಾರಿ ಹುಡುಕಿದರು: ಕೊಳೆತ ಬೇರನ್ನು ಇದ್ದಲ್ಲೇ ಗಟ್ಟಿ ಮಾಡಬಹುದೇ?

ಬೇರು ಗಟ್ಟಿಯಾಗಿದೆಯೇ ಎಂಬ ಪರೀಕ್ಷೆ ನಡೆಯುವುದು ವೈದ್ಯರ ಕೈಬೆರಳಿನ ಅಂದಾಜಿನ ಮೇಲೆ. ಸಪೂರ ಸಲಾಕೆಯನ್ನು ಹುಳುಕಿನ ಮೇಲೆ ಮೆಲ್ಲಗೆ ಒತ್ತುತ್ತಾರೆ. ಜೀವಂತ ಹುಳುಕಾದರೆ ಚರ್ಮದ ಹಾಗೆ ತುಸು ಒಳಗೆ ಹೋಗುತ್ತದೆ, ಸಲಾಕೆ ತೆಗೆಯುವಾಗ ಅಂಟಿದಂತಾಗುತ್ತದೆ. ನಿಂತುಹೋದ ಹುಳುಕಾದರೆ ನುಣುಪಾಗಿ ಜಾರುತ್ತದೆ. ಕೈಯ ಅಂದಾಜಿಗೆ ಸಾಕ್ಷಿಯಾಗಿ ಒಂದು ಯಂತ್ರವೂ ಇದೆ. ಖನಿಜ ಕಳೆದುಕೊಂಡ ಬೇರಿನ ಸೂಕ್ಷ್ಮ ರಂಧ್ರಗಳಲ್ಲಿ ನೀರು ತುಂಬಿರುತ್ತದೆ, ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಖನಿಜ ಮರಳಿದಂತೆ ಯಂತ್ರ ತೋರಿಸುವ ರೋಧವೂ ಏರುತ್ತದೆ.

2001ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಎರಡನ್ನೂ ಬಳಸಿತು. ಬೇರಿನ ಹುಳುಕಿದ್ದ 201 ಜನರಲ್ಲಿ ಕೆಲವರಿಗೆ 1,100 ಪಿಪಿಎಂ ಫ್ಲೋರೈಡಿನ ಟೂತ್‌ಪೇಸ್ಟ್, ಉಳಿದವರಿಗೆ 5,000 ಪಿಪಿಎಂನದು. ಆರು ತಿಂಗಳ ನಂತರ ಕನಿಷ್ಠ ಒಂದು ಹುಳುಕಾದರೂ ಗಟ್ಟಿಯಾದವರು ಮೊದಲ ಗುಂಪಿನಲ್ಲಿ ಶೇ 28.6, ಎರಡನೆಯದರಲ್ಲಿ ಶೇ 56.9. ಯಾರ ಹಲ್ಲನ್ನೂ ಕೊರೆಯದೆ, ಬರೀ ಪೇಸ್ಟಿನಿಂದ!

ಪಾವಗಡದ ಕಡೆ ಕೊಳವೆಬಾವಿ ನೀರಿನಿಂದ ಕಂದಿದ ಹಲ್ಲುಗಳನ್ನು ಕಂಡವರಿಗೆ ಫ್ಲೋರೈಡ್ ಎಂದರೆ ಅಳುಕು. ಆ ಅಳುಕು ಸಹಜವೇ. ಆದರೆ ಅದು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ದಿನವೂ ಕುಡಿದ ನೀರಿನ ಫಲ. ಈ 5,000 ಪಿಪಿಎಂನದು ದೊಡ್ಡವರು ಉಜ್ಜಿ ಉಗುಳುವ ಪೇಸ್ಟು. ವೈದ್ಯರು ಬರೆದುಕೊಟ್ಟರಷ್ಟೇ ಬಳಸಬೇಕು, ಮಕ್ಕಳ ಕೈಗೆ ಸಿಗಬಾರದು.

ನನಗೆ ಇನ್ನೂ ಹಿಡಿಸಿದ್ದು ಹಾಂಗ್‌ಕಾಂಗ್‌ನ ಹಿರಿಯರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗ. ಮೂರು ವರ್ಷದಲ್ಲಿ, ಹಲ್ಲಿನ ಶುಚಿತ್ವದ ಪಾಠವಷ್ಟೇ ಸಿಕ್ಕವರಿಗೆ ಸರಾಸರಿ 2.5 ಕಡೆ ಹೊಸ ಬೇರುಹುಳುಕು ಬಂತು. ಪಾಠದ ಜೊತೆಗೆ ವರ್ಷಕ್ಕೊಮ್ಮೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಹಚ್ಚಿಸಿಕೊಂಡವರಿಗೆ 0.7 ಮಾತ್ರ. ಮೂರು ತಿಂಗಳಿಗೊಮ್ಮೆ ಫ್ಲೋರೈಡ್ ವಾರ್ನಿಷ್ ಹಚ್ಚಿಸಿಕೊಂಡವರಿಗೆ 0.9. ಹಾಸಿಗೆ ಹಿಡಿದ ಅಜ್ಜಿಯನ್ನು ಮೂರು ತಿಂಗಳಿಗೊಮ್ಮೆ ಆಸ್ಪತ್ರೆಗೆ ಕರೆದೊಯ್ಯುವುದೆಲ್ಲಿ, ವರ್ಷಕ್ಕೊಮ್ಮೆ ಸಾಕಾಗುವುದೆಲ್ಲಿ!

ಸಿಲ್ವರ್ ಡೈಅಮೈನ್ ಫ್ಲೋರೈಡ್ ದ್ರವ 1970ರಿಂದ ಜಪಾನಿನಲ್ಲಿ ಮಾರಾಟದಲ್ಲಿದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಗೂ ಸೇರಿತು. ಹಲ್ಲನ್ನು ಹತ್ತಿಯಿಂದ ಒರೆಸಿ ಒಣಗಿಸಿ, ಪುಟ್ಟ ಬ್ರಷ್ಷಿನಿಂದ ಒಂದು ಹನಿ ಹಚ್ಚಿದರೆ ಮುಗಿಯಿತು. ಬೆಳ್ಳಿ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಫ್ಲೋರೈಡ್ ಖನಿಜವನ್ನು ಬಿಗಿ ಮಾಡುತ್ತದೆ. ಮುಖ್ಯ ತೊಡಕೆಂದರೆ, ಹುಳುಕಿನ ಜಾಗ ಶಾಶ್ವತವಾಗಿ ಕಪ್ಪಾಗುತ್ತದೆ. ಮುಂದಿನ ಹಲ್ಲಾದರೆ ಇದನ್ನು ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು.

ಗುಳಿ ಬಿದ್ದೇಬಿಟ್ಟಿದ್ದರೆ? ಐರ್ಲೆಂಡಿನ ಕಾರ್ಕ್‌ನಲ್ಲಿ 65ರಿಂದ 90 ವರ್ಷದ 99 ಜನರಲ್ಲಿ ಇದನ್ನೂ ನೋಡಿದರು. ಡ್ರಿಲ್ ಬಿಟ್ಟು, ಕೈ ಉಪಕರಣದಿಂದ ಕೊಳೆ ಕೆರೆದು ಗ್ಲಾಸ್ ಅಯೊನೊಮರ್ ಸಿಮೆಂಟ್ ತುಂಬಿದವುಗಳಲ್ಲಿ ಎರಡು ವರ್ಷದ ಬಳಿಕ ಶೇ 85.4 ಉಳಿದಿದ್ದವು, ಡ್ರಿಲ್ ಬಳಸಿ ತುಂಬಿದವುಗಳಲ್ಲಿ ಶೇ 90.9. ಈ ವ್ಯತ್ಯಾಸ ನಿರ್ಣಾಯಕವೆನಿಸುವಷ್ಟು ದೊಡ್ಡದಲ್ಲ. ಕೈ ಉಪಕರಣಕ್ಕೆ ಕರೆಂಟು ಬೇಡ, ದೊಡ್ಡ ಕುರ್ಚಿಯೂ ಬೇಡ. ದಂತವೈದ್ಯರು ಅದನ್ನು ಚೀಲದಲ್ಲಿ ಹಾಕಿಕೊಂಡು ಅಜ್ಜಿಯ ಮಂಚದ ಬಳಿಗೇ ಬರಬಹುದು.