ಬೆಜೆಲ್ ಕಳಚಿದರೆ ಅಂಟು ಏಕೆ ಬೇಡ?

ಕೈಗಡಿಯಾರದ ಗಾಜಿನ ಸುತ್ತ ಒಂದು ಲೋಹದ ಬಳೆ ಇರುತ್ತದೆ. ಅದಕ್ಕೆ ಬೆಜೆಲ್ ಎಂದು ಹೆಸರು. ನಿಮ್ಮ ಕೈಯಲ್ಲಿರುವ ಗಡಿಯಾರವನ್ನೇ ಒಮ್ಮೆ ನೋಡಿ. ಬೆಜೆಲನ್ನು ಹಿಡಿದಿಟ್ಟಿರುವ ತಿರುಪು ಕಾಣುತ್ತದೆಯೇ? ಬೆಸುಗೆಯ ಗುರುತು ಇದೆಯೇ? ಸಾಮಾನ್ಯವಾಗಿ ಎರಡೂ ಇರುವುದಿಲ್ಲ. ಲಕ್ಷಾಂತರ ರೂಪಾಯಿ ಬೆಲೆಯ ವಿದೇಶಿ ಗಡಿಯಾರಗಳಲ್ಲೂ ಎಷ್ಟೋ ಬಾರಿ ಹೀಗೆಯೇ. ಆದರೂ ಬಳೆ ವರ್ಷಗಟ್ಟಲೆ ಕದಲದೆ ಕೂತಿರುತ್ತದೆ. ಒಂದು ದಿನ ಬಾಗಿಲಿಗೋ ಗೋಡೆಗೋ ತಗುಲಿ ಅದು ಕಳಚಿ ಬಂದಾಗ, ಮನೆಯವರು ಮೊದಲು ಹುಡುಕುವುದು ದಿಢೀರ್ ಅಂಟಿನ ಟ್ಯೂಬನ್ನು. ಗಡಿಯಾರ ನಿಜವಾಗಿ ಹಾಳಾಗುವುದು ಆಗಲೇ.

ತಿರುಪಿಲ್ಲದೆ ಬಳೆ ನಿಲ್ಲುವುದು ಹೇಗೆ? ಎತ್ತಿನ ಗಾಡಿಯ ಮರದ ಚಕ್ರವನ್ನು ನೆನಪಿಸಿಕೊಳ್ಳಿ. ಕಮ್ಮಾರನು ಚಕ್ರಕ್ಕಿಂತ ತುಸು ಚಿಕ್ಕದಾಗಿ ಕಬ್ಬಿಣದ ಪಟ್ಟಿ ಮಾಡಿ, ಬೆರಣಿಯ ಉರಿಯಲ್ಲಿ ಕಾಯಿಸಿ, ಹಿಗ್ಗಿದ ಪಟ್ಟಿಯನ್ನು ಚಕ್ರಕ್ಕೆ ತೊಡಿಸಿ ನೀರು ಸುರಿಯುತ್ತಾನೆ. ತಣಿದ ಪಟ್ಟಿ ಕುಗ್ಗಿ ಚಕ್ರವನ್ನು ಅಪ್ಪಿ ಹಿಡಿಯುತ್ತದೆ. 1.2 ಮೀಟರ್ ವ್ಯಾಸದ ಪಟ್ಟಿಯನ್ನು 500° ಸೆ.ನಷ್ಟು ಹೆಚ್ಚು ಕಾಯಿಸಿದರೆ ಅದರ ವ್ಯಾಸ ಸುಮಾರು 7 ಮಿ.ಮೀ. ಹೆಚ್ಚುತ್ತದೆ. ಬೆಜೆಲ್‌ನದೂ ಇದೇ ಕಥೆ, ಅಳತೆ ಮಾತ್ರ ಬಹಳ ಸಣ್ಣದು. ಬಳೆಯ ಒಳವ್ಯಾಸವು ಅದು ಕೂರುವ ಅಂಚಿನ ಹೊರವ್ಯಾಸಕ್ಕಿಂತ ಮಿ.ಮೀ.ನ ನೂರನೇ ಕೆಲವು ಭಾಗಗಳಷ್ಟು ಕಡಿಮೆ ಇರುತ್ತದೆ. ಒತ್ತಿದಾಗ ಬಳೆ ಹಿಗ್ಗಿ ಕೂರುತ್ತದೆ. ಹಿಂದಿನ ಗಾತ್ರಕ್ಕೆ ಮರಳಲು ಸದಾ ಹವಣಿಸುತ್ತ ಅಂಚನ್ನು ಬಿಗಿಹಿಡಿಯುತ್ತದೆ. ಅಂದರೆ ಹಿಡಿದಿಟ್ಟಿರುವುದು ಲೋಹದ ಸ್ಥಿತಿಸ್ಥಾಪಕತೆ, ಜೊತೆಗೆ ಘರ್ಷಣೆ.

ಒಂದು ಸಣ್ಣ ಲೆಕ್ಕ ಮಾಡೋಣ. ಬಳೆಯ ವ್ಯಾಸ 36 ಮಿ.ಮೀ., ವ್ಯತ್ಯಾಸ 0.03 ಮಿ.ಮೀ. ಎಂದಿಟ್ಟುಕೊಳ್ಳಿ. ಇದು ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಹಿಗ್ಗುವಿಕೆಯ ಪ್ರಮಾಣ 0.03ನ್ನು 36ರಿಂದ ಭಾಗಿಸಿದಾಗ ಬರುವುದು, ಅಂದರೆ ಸುಮಾರು 0.0008. ತುಕ್ಕುರಹಿತ ಉಕ್ಕಿನ ಯಂಗ್ ಗುಣಾಂಕ ಸುಮಾರು 190 ಗಿಗಾಪಾಸ್ಕಲ್. ಎರಡನ್ನೂ ಗುಣಿಸಿದರೆ ಬಳೆಯೊಳಗಿನ ಪೀಡನ ಚದರ ಮಿ.ಮೀ.ಗೆ ಸುಮಾರು 160 ನ್ಯೂಟನ್. ಗಡಿಯಾರಗಳಲ್ಲಿ ಹೆಚ್ಚಾಗಿ ಬಳಸುವ 316ಎಲ್ ಉಕ್ಕು ಮೃದು ಸ್ಥಿತಿಯಲ್ಲಿ ಚದರ ಮಿ.ಮೀ.ಗೆ ಸುಮಾರು 200 ನ್ಯೂಟನ್ ಮುಟ್ಟಿದಾಗ ಶಾಶ್ವತವಾಗಿ ಹಿಗ್ಗಲಾರಂಭಿಸುತ್ತದೆ. ನಡುವೆ ಉಳಿದ ಅಂತರ ಎಷ್ಟು ಕಿರಿದು ನೋಡಿ! ಯಾರೋ ಚಾಕುವಿನ ಮೊನೆಯನ್ನು ಬೆಜೆಲ್ ಕೆಳಗೆ ತೂರಿಸಿ ಒಂದು ಕಡೆ ಮೀಟಿದರೆ, ಆ ಭಾಗ ಸ್ಥಿತಿಸ್ಥಾಪಕ ಮಿತಿಯನ್ನು ದಾಟಿ ಬಾಗಿಬಿಡುತ್ತದೆ. ಆಮೇಲೆ ಅದು ಬರಿಯ ಅಲಂಕಾರದ ಬಳೆ, ಹಿಡಿತ ಹೋಯಿತು.

ಹಿಡಿತ ಸಡಿಲಲು ಇನ್ನೊಂದು ಕಾರಣವೂ ಉಂಟು. ಬೆವರಿನ ಉಪ್ಪು, ಚರ್ಮದ ಪುಡಿ, ಧೂಳು ಸೇರಿ ಬಳೆಯ ಸಂದಿಯಲ್ಲಿ ಕೊಳೆಯಾಗುತ್ತವೆ. ತುಕ್ಕುರಹಿತ ಉಕ್ಕನ್ನು ಕಾಯುವುದು ಅದರ ಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳು ಪದರ. ಈ ಪದರ ಗಾಯಗೊಂಡಾಗ ಮತ್ತೆ ಮೂಡಲು ಆಮ್ಲಜನಕ ಬೇಕು. ಕೊಳೆ ತುಂಬಿದ ಸಂದಿಯಲ್ಲಿ ಅದರ ಕೊರತೆ, ಕ್ಲೋರೈಡ್ ಅಯಾನುಗಳ ಸಮೃದ್ಧಿ. ಹೊರಮೈ ಫಳಫಳ ಹೊಳೆಯುತ್ತಿದ್ದರೂ ಒಳಗೆ ಸಣ್ಣ ಗುಳಿಗಳು ಬೀಳುತ್ತವೆ. 0.03 ಮಿ.ಮೀ. ಸವೆಯಲು ಎಷ್ಟು ತುಕ್ಕು ಬೇಕು?

ಈಗ ಅಂಟಿನ ವಿಷಯ. ದಿಢೀರ್ ಅಂಟು ಎಂದರೆ ಸಯನೋಅಕ್ರಿಲೇಟ್. ಗಾಳಿಯ ತೇವಾಂಶ ಸಾಕು, ಅದು ಪಾಲಿಮರ್ ಆಗಿ ಗಟ್ಟಿಯಾಗುತ್ತದೆ. ತೊಂದರೆ ಇರುವುದು ಅದರ ಆವಿಯಲ್ಲಿ. ಆವಿ ಗಾಜಿನ ಒಳಮೈ ಮೇಲೆ, ಡಯಲ್ ಮೇಲೆ ಬಿಳಿ ಮಂಜಿನಂತೆ ಕೂರುತ್ತದೆ. (ಪೊಲೀಸರು ಬೆರಳಚ್ಚು ಕಾಣಿಸಲು ಬಳಸುವುದು ಇದೇ ಆವಿಯನ್ನು.) ಅಂಟು ಒಳಕ್ಕೆ ಹರಿದರೆ ಮುಳ್ಳುಗಳೂ ಅಂಟಿಕೊಂಡಾವು. ಮುಂದೆ ರಿಪೇರಿಗಾರ ಬಳೆ ತೆಗೆಯಬೇಕಾದಾಗ ಅದು ಬಾಗಿಯೇ ಬರುತ್ತದೆ. ತಯಾರಕರೇ ಅಂಟಿನಿಂದ ಕೂರಿಸಿದ ಗಡಿಯಾರಗಳೂ ಇವೆ ಎಂಬುದು ನಿಜ. ಅಲ್ಲಿ ಬಳಸುವ ಅಂಟೇ ಬೇರೆ.

ಹಾಗಾದರೆ ಮಾಡಬೇಕಾದ್ದೇನು? ಗಡಿಯಾರವನ್ನು ಕೈಯಿಂದ ಬಿಚ್ಚಿ, ಬಿದ್ದ ಎಲ್ಲ ಚೂರುಗಳನ್ನೂ ಒಂದು ಡಬ್ಬಿಯಲ್ಲಿ ಹಾಕಿ. ಬಳೆಯ ಜೊತೆಗೆ ನೈಲಾನ್ ಅಥವಾ ರಬ್ಬರಿನ ಉಂಗುರ, ತಿರುಗುವ ಬೆಜೆಲ್ ಆಗಿದ್ದರೆ ಕೂದಲೆಳೆಯಂಥ ತಂತಿ ಸ್ಪ್ರಿಂಗ್ ಬಿದ್ದಿರಬಹುದು. ನೆಲದ ಮೇಲೂ ಹುಡುಕಿ. ಗಾಜೂ ಹೊರಬಂದಿದ್ದರೆ ಗಡಿಯಾರದ ಮೇಲೆ ಒಂದು ಲೋಟವನ್ನು ಬೋರಲು ಹಾಕಿ. 1960ರ ದಶಕದ ಅಥವಾ ಅದಕ್ಕೂ ಹಿಂದಿನ, ಕತ್ತಲಲ್ಲಿ ಹೊಳೆಯುವ ಮುಳ್ಳುಗಳ ಗಡಿಯಾರವಾದರೆ ಡಯಲನ್ನು ಊದಬೇಡಿ, ಕೆರೆಯಬೇಡಿ. ಆ ಬಣ್ಣದಲ್ಲಿ ರೇಡಿಯಂ ಇರಬಹುದು. ಹೊಳಪು ಆರಿಹೋಗಿದ್ದರೂ 1600 ವರ್ಷ ಅರ್ಧಾಯುಷ್ಯದ ರೇಡಿಯಂ ಅಲ್ಲೇ ಇರುತ್ತದೆ.

ಮುಂದಿನದು ರಿಪೇರಿಗಾರನ ಕೆಲಸ. ಆತ ಮಸೂರದಡಿ ಕೊಳೆ ತೆಗೆದು, ಬಳೆ ಬಾಗಿದೆಯೇ ಎಂದು ನೋಡಿ, ಅಳೆಯುತ್ತಾನೆ. ನಿಮ್ಮ ಪ್ರಯೋಗಾಲಯದ ಸ್ಕ್ರೂ ಗೇಜ್ 0.01 ಮಿ.ಮೀ. ಅಳೆಯಬಲ್ಲದು, ಆದರೆ ಸಾಮಾನ್ಯವಾಗಿ 25 ಮಿ.ಮೀ.ವರೆಗೆ ಮಾತ್ರ ತೆರೆಯುತ್ತದೆ, 0.1 ಮಿ.ಮೀ. ಕನಿಷ್ಠ ಅಳತೆಯ ವರ್ನಿಯರ್ ಈ ಕೆಲಸಕ್ಕೆ ಸಾಲದು. ಒಣಗಿದ ಉಂಗುರವನ್ನು ಬದಲಿಸಿ, ನೈಲಾನ್ ಅಚ್ಚುಗಳ ನಡುವೆ ಇಟ್ಟು ಸುತ್ತಲೂ ಸಮನಾಗಿ ಒತ್ತುತ್ತಾನೆ. ಹೆಬ್ಬೆರಳಿನಿಂದ ಒತ್ತಿದರೆ ಬಳೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಭಾರ ಗಾಜಿನ ನಡುವೆ ಬಿದ್ದು ಗಾಜು ಒಡೆಯುತ್ತದೆ. ಬಳೆಯೊಂದನ್ನೇ 60° ಸೆ.ನಷ್ಟು ಹೆಚ್ಚು ಬೆಚ್ಚಗೆ ಮಾಡಿದರೆ ಅದರ ವ್ಯಾಸ ಸುಮಾರು 0.035 ಮಿ.ಮೀ. ಹಿಗ್ಗುತ್ತದೆ. ಲೆಕ್ಕ ಹಾಕಿ ನೋಡಿ: ಕಮ್ಮಾರನ ಉಪಾಯ ಇಲ್ಲಿಯೂ ಫಲಿಸುತ್ತದೆ. ಇಡೀ ಗಡಿಯಾರವನ್ನು ಮಾತ್ರ ಕಾಯಿಸಬಾರದು, ಒಳಗಿನ ಎಣ್ಣೆ ಕೆಡುತ್ತದೆ.

ಈ ಕೈಚಳಕ ನಮ್ಮ ಸುತ್ತ ಹೊಸದಲ್ಲ. ನೆಲಮಂಗಲದ ಒಂದು ಕಡೆ ಜಾಲಹಳ್ಳಿ, ಇನ್ನೊಂದು ಕಡೆ ತುಮಕೂರು; ಎರಡು ಕಡೆಯೂ ಎಚ್‌ಎಂಟಿಯ ಕೈಗಡಿಯಾರ ಕಾರ್ಖಾನೆಗಳಿದ್ದವು. ಬೆಂಗಳೂರಿನ ಕಾರ್ಖಾನೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಆರಂಭವಾಯಿತು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ನೀಡಿದ್ದು 2016ರಲ್ಲಿ. ಕೀಲಿ ಕೊಡುವ ಎಚ್‌ಎಂಟಿ ಗಡಿಯಾರಗಳಲ್ಲಿ ಹಲವಕ್ಕೆ ಅಕ್ರಿಲಿಕ್ ಗಾಜು. ಪಂಜದಂಥ ಉಪಕರಣದಿಂದ ಗಾಜನ್ನು ಸುತ್ತಲೂ ಹಿಡಿದು ತುಸು ಕುಗ್ಗಿಸಿ, ಅಂಚಿನೊಳಗೆ ಇಳಿಸಿ ಬಿಟ್ಟರೆ ಅದು ಹಿಗ್ಗಿ ಬಿಗಿಯಾಗುತ್ತದೆ. ಬೆಜೆಲ್ ಹಿಗ್ಗಿ ಅಪ್ಪುತ್ತದೆ, ಈ ಗಾಜು ಕುಗ್ಗಿ ಒತ್ತುತ್ತದೆ, ತತ್ತ್ವ ಒಂದೇ. ಎಚ್‌ಎಂಟಿ ಗಾಜು ಕೂರಿಸಿ ಪಳಗಿದ ಕೈಗೆ ವಿದೇಶಿ ಬೆಜೆಲ್ ಪರಕೀಯವೇನಲ್ಲ ಎಂಬುದು ನನ್ನ ಅನಿಸಿಕೆ. ಒಂದು ಎಚ್ಚರಿಕೆ: ಅಕ್ರಿಲಿಕ್ ಗಾಜನ್ನು ಆಲ್ಕೊಹಾಲಿನಿಂದ ಒರೆಸಬೇಡಿ, ಕೂದಲೆಳೆಯಂಥ ಬಿರುಕುಗಳು ಮೂಡಬಹುದು.

ತಿರುಪಿನಂತೆ ಕೂರುವ ಬೆಜೆಲ್‌ಗಳೂ ಇದ್ದವು. 1926ರ ರೋಲೆಕ್ಸ್ ಆಯ್‌ಸ್ಟರ್‌ನಲ್ಲಿ ಬೆಜೆಲನ್ನು ಕೇಸಿಗೆ ತಿರುಗಿಸಿ ಬಿಗಿಯುತ್ತಿದ್ದರು. ಅದರ ಅಂಚಿನ ಗೀರುಗಳು ಉಪಕರಣಕ್ಕೆ ಹಿಡಿತ ಸಿಗಲೆಂದು ಮಾಡಿದವು. ಈಗ ಅವು ಅಲಂಕಾರವಾಗಿ ಉಳಿದಿವೆ.

ರಿಪೇರಿಯಾದ ಗಡಿಯಾರವನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಪರೀಕ್ಷಿಸುವವರಿದ್ದಾರೆ. ಸೋರಿದರೆ ಪರೀಕ್ಷೆಯೇ ಗಡಿಯಾರವನ್ನು ಮುಗಿಸುತ್ತದೆ. ಅನೇಕ ಗಡಿಯಾರಗಳಲ್ಲಿ ಗಾಜಿನ ಸುತ್ತಲ ಉಂಗುರವನ್ನು ಒತ್ತಿ ನೀರು ತಡೆಯುವುದು ಈ ಬೆಜೆಲ್ಲೇ. ಆದ್ದರಿಂದ ಗಾಳಿಯ ಒತ್ತಡದಲ್ಲಿ ಕೇಸಿನ ಆಕಾರ ಎಷ್ಟು ಬದಲಾಗುತ್ತದೆ ಎಂದು ಅಳೆಯುವ ಯಂತ್ರವಿರುವ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿ. ಆ ಪರೀಕ್ಷೆ ಆಗುವವರೆಗೆ ಕೈತೊಳೆಯುವಾಗಲೂ ಅದನ್ನು ಬಿಚ್ಚಿಡಿ.