ಗಾಜಿನ ತೊಟ್ಟಿಯಲ್ಲಿ ಏಂಜಲ್ ಮರಿಗಳ ಪೋಷಣೆ

ಮನೆಯಲ್ಲಿ ಅಲಂಕಾರದ ಮೀನುಗಳನ್ನು ಸಾಕುವ ಗೃಹಸ್ಥರಲ್ಲಿ ಒಂದು ನಂಬಿಕೆ ಬೇರೂರಿದೆ. ಮೀನು ತೊಟ್ಟಿಯ ಅಳತೆಗೆ ತಕ್ಕಷ್ಟೇ ಬೆಳೆದು ನಿಲ್ಲುವುದು, ಚಿಕ್ಕ ತೊಟ್ಟಿಯಲ್ಲಿ ಚಿಕ್ಕದಾಗಿಯೇ ಸುಖವಾಗಿರುವುದು ಎಂಬುದೇ ಆ ನಂಬಿಕೆ. ಇದು ತಪ್ಪೆಂದು ನಾವು ಮೊದಲೇ ಹೇಳಬೇಕಾಗಿದೆ. ಇಕ್ಕಟ್ಟಾದ ತೊಟ್ಟಿಯಲ್ಲಿ ಮರಿಗಳು ಕುಗ್ಗುವುದಕ್ಕೆ ಮುಖ್ಯ ಕಾರಣ ಕೆಟ್ಟ ನೀರು. ಎಳೆತನದಲ್ಲಿ ಹೀಗೆ ಕುಗ್ಗಿದ ಮೀನು ಮುಂದೆ ಎಷ್ಟು ಆರೈಕೆ ಮಾಡಿದರೂ ತನ್ನ ಪೂರ್ಣ ರೂಪವನ್ನು ಪಡೆಯುವುದು ಅಪರೂಪ. ಆದಕಾರಣ ಮರಿಗಳ ಮೊದಲ ಎಂಟು ವಾರಗಳಲ್ಲಿ ಮಾಡತಕ್ಕ ಉಪಚಾರವನ್ನು ಇಲ್ಲಿ ವಿವರಿಸುವೆವು.

ಏಂಜಲ್ ಮೀನು ದಕ್ಷಿಣ ಅಮೆರಿಕದ ಅಮೆಜಾನ್ ನದೀಪ್ರಾಂತದ್ದು; ಸಿಕ್ಲಿಡ್ ಎಂಬ ಕುಲಕ್ಕೆ ಸೇರಿದ್ದು. ಈ ಕುಲವು ನಮ್ಮ ನಾಡಿಗೆ ತೀರ ಅಪರಿಚಿತವೇನೂ ಅಲ್ಲ. ಫ್ರಾನ್ಸಿಸ್ ಡೇ ಎಂಬ ವಿದ್ವಾಂಸರು 1877ರಲ್ಲಿ ಎಟ್ರೋಪ್ಲಸ್ ಕೆನರೆನ್ಸಿಸ್ ಎಂದು ಹೆಸರಿಟ್ಟ ಮೀನು ಇದೇ ಕುಲದ್ದು; ದಕ್ಷಿಣ ಕನ್ನಡದ ನದಿಗಳೇ ಅದರ ನೆಲೆ. ಮೊಟ್ಟೆಮರಿಗಳನ್ನು ಕಾಯುವುದು ಈ ಕುಲದ ವಿಶೇಷ ಗುಣ. ಆದರೂ ತೊಟ್ಟಿಯಲ್ಲಿ ಬೆದರಿದ ಏಂಜಲ್ ದಂಪತಿಗಳು ತಮ್ಮ ಮೊಟ್ಟೆಗಳನ್ನು ತಾವೇ ತಿಂದುಬಿಡುವುದುಂಟು. ಆದುದರಿಂದ ಮೊಟ್ಟೆಯಿಟ್ಟ ಎಲೆಯನ್ನೋ ಫಲಕವನ್ನೋ ಬೇರೊಂದು ತೊಟ್ಟಿಗೆ ಸಾಗಿಸುವವರು ಹಲವರು.

ನೀರಿನ ಶಾಖ 27–28 ಡಿಗ್ರಿ ಸೆಲ್ಸಿಯಸ್ ಇದ್ದರೆ ಮೊಟ್ಟೆಗಳು ಎರಡು ಮೂರು ದಿನಗಳಲ್ಲಿ ಒಡೆಯುವುವು. ಆ ಬಳಿಕ ಸುಮಾರು ಐದು ದಿನ ಮರಿಗಳು ಇದ್ದೆಡೆಯಲ್ಲಿಯೇ ಅಂಟಿಕೊಂಡು ಬಾಲವನ್ನಾಡಿಸುತ್ತ, ತಮ್ಮ ಹೊಟ್ಟೆಗಂಟಿದ ಭಂಡಾರದಿಂದಲೇ ಜೀವಿಸುವುವು. ಆಗ ಆಹಾರ ಹಾಕಿದರೆ ನೀರು ಕೆಡುವುದೇ ಹೊರತು ಬೇರೆ ಫಲವಿಲ್ಲ. ಅವು ಸ್ವತಂತ್ರವಾಗಿ ಈಜತೊಡಗಿದ ಒಡನೆಯೇ ಮಾತ್ರ ತಡಮಾಡದೆ ಉಣಿಸತಕ್ಕದ್ದು.

ಮೊದಲ ಊಟಕ್ಕೆ ಆಗತಾನೆ ಹುಟ್ಟಿದ ಆರ್ಟೀಮಿಯ ಹುಳುಗಳಿಗೆ ಸಮನಾದುದು ಇಲ್ಲವೆಂದೇ ಹೇಳಬೇಕು. ಅಲಂಕಾರದ ಮೀನು ಮಾರುವ ಅಂಗಡಿಗಳಲ್ಲಿ ಇದರ ಮೊಟ್ಟೆಗಳು ಸಿಕ್ಕುವುವು. ಒಂದು ಲೀಟರು ನೀರಿಗೆ 25 ಗ್ರಾಂ ಉಪ್ಪು ಕರಗಿಸಿ, ಅರ್ಧ ಚಮಚ ಮೊಟ್ಟೆ ಹಾಕಿ, ಗಾಳಿಯ ನಳಿಕೆಯಿಂದ ಎಡೆಬಿಡದೆ ಕಲಕುತ್ತಿದ್ದರೆ ಸುಮಾರು ಒಂದು ದಿನದಲ್ಲಿ ಕಿತ್ತಳೆ ಬಣ್ಣದ ಹುಳುಗಳು ಕಾಣುವುವು. ಗಾಳಿಯನ್ನು ನಿಲ್ಲಿಸಿ, ಪಾತ್ರೆಯ ಬುಡದ ಬಳಿ ದೀಪವಿಟ್ಟರೆ ಅವು ಬೆಳಕಿನತ್ತ ಕೂಡುವುವು. ಬರಿಯ ಸಿಪ್ಪೆಗಳು ಮೇಲೆ ತೇಲುವುವು. ಹುಳುಗಳನ್ನು ತೆಳುಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಅಂದಂದೇ ಹಾಕಬೇಕು. ಹೊತ್ತು ಕಳೆದಂತೆ ಅವುಗಳ ಸತ್ತ್ವ ಕುಂದುವುದು.

ದಿನಕ್ಕೆ ನಾಲ್ಕು ಬಾರಿ, ಆದರೆ ಸ್ವಲ್ಪ ಸ್ವಲ್ಪವಾಗಿ ಹಾಕುವುದು ಉತ್ತಮ. ಉಂಡ ಮರಿಯ ಹೊಟ್ಟೆ ಕಿತ್ತಳೆ ಬಣ್ಣದಿಂದ ದುಂಡಗೆ ಕಾಣುವುದು, ಅಷ್ಟೇ ಸಾಕು. ಮೂರು ನಾಲ್ಕು ವಾರಗಳಾದ ಮೇಲೆ ನುಣ್ಣಗೆ ಪುಡಿ ಮಾಡಿದ ಒಣ ಆಹಾರವನ್ನು ರೂಢಿ ಮಾಡಿಸಬಹುದು. ಮಕ್ಕಳು ಪ್ರೀತಿಯಿಂದ ಅನ್ನದ ಅಗುಳನ್ನೋ ಬ್ರೆಡ್ಡಿನ ಚೂರನ್ನೋ ಹಾಕಲು ಬರುವುದು ಸಹಜ. ಮರಿಗಳಿಗೆ ಬೇಕಾದ ಮಾಂಸಸತ್ತ್ವ ಇವುಗಳಲ್ಲಿ ಸಾಲದಾದ್ದರಿಂದ ನಯವಾಗಿ ತಡೆಯಬೇಕು.

ಹೀಗೆ ಹೆಚ್ಚು ಉಣ್ಣುವ ಮರಿಗಳು ಹೆಚ್ಚು ಕಲ್ಮಷವನ್ನೂ ಬಿಡುವುವಲ್ಲವೆ? ಮೀನಿನ ಕಿವಿರುಗಳಿಂದ ಅಮೋನಿಯವೆಂಬ ವಿಷ ಹೊರಬರುವುದು. ಉಳಿದ ಆಹಾರ ಕೊಳೆತಾಗಲೂ ಅದೇ ಹುಟ್ಟುವುದು. ನೀರು ಬೆಚ್ಚಗಾದಷ್ಟೂ, ಕ್ಷಾರಗುಣ ಹೆಚ್ಚಿದಷ್ಟೂ ಇದರ ಉಗ್ರತೆ ಹೆಚ್ಚು. ಕಣ್ಣಿಗೆ ತಿಳಿಯಾಗಿ ಕಾಣುವ ನೀರಿನಲ್ಲಿಯೂ ಈ ವಿಷವಿರಬಹುದು. ಆದುದರಿಂದ ಮರಿಗಳ ತೊಟ್ಟಿಯ ತಳಕ್ಕೆ ಮರಳನ್ನು ಹರಡದೆ ಬರಿದಾಗಿಡಬೇಕು. ದಿನಕ್ಕೊಮ್ಮೆ ಸಣ್ಣ ಕೊಳವೆಯಿಂದ ತಳದ ಕೊಳೆಯನ್ನು ಹೀರಿ ತೆಗೆದು, ನಾಲ್ಕರಲ್ಲೊಂದು ಪಾಲು ನೀರನ್ನು ಬದಲಿಸಬೇಕು. ತೆಗೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದು, ಜಾರಿಬಂದ ಮರಿಗಳಿಲ್ಲವೆಂದು ನೋಡಿಯೇ ಚೆಲ್ಲತಕ್ಕದ್ದು. ಹೊಸ ನೀರು ಅದೇ ಶಾಖದ್ದಾಗಿದ್ದು, ಕ್ಲೋರಿನ್ ಇಲ್ಲದ್ದಾಗಿರಬೇಕು.

ನೀರನ್ನು ಶೋಧಿಸಲು ಸ್ಪಂಜಿನ ಶೋಧಕವೇ ಲೇಸು; ಬಲವಾಗಿ ಸೆಳೆಯುವ ಯಂತ್ರಗಳು ಮರಿಗಳನ್ನೂ ಸೆಳೆದುಬಿಡುವುವು. ಸ್ಪಂಜಿನಲ್ಲಿ ನೆಲೆಸುವ ಸೂಕ್ಷ್ಮಜೀವಿಗಳು ಅಮೋನಿಯವನ್ನು ಹಂತಹಂತವಾಗಿ ಅಷ್ಟು ಹಾನಿಕರವಲ್ಲದ ನೈಟ್ರೇಟನ್ನಾಗಿ ಮಾರ್ಪಡಿಸುವುವು. ಅವು ನೆಲೆಗೊಳ್ಳಲು ಕೆಲವು ವಾರಗಳು ಬೇಕಾದುದರಿಂದ ಸ್ಪಂಜನ್ನು ಮುಂಚಿತವಾಗಿಯೇ ದೊಡ್ಡ ಮೀನುಗಳ ತೊಟ್ಟಿಯಲ್ಲಿಟ್ಟು ಸಿದ್ಧಪಡಿಸಬೇಕು. ನಲ್ಲಿಯ ನೀರಿನಲ್ಲಿ ತೊಳೆದರೆ ಕ್ಲೋರಿನ್ನಿನಿಂದ ಅವು ಸಾಯುವುವು. ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಿ ತೊಳೆಯಬೇಕು.

ಮರಿಗಳಿಗೆ ರೆಕ್ಕೆಗಳು ಮೂಡಿ ತಾಯಿತಂದೆಯ ಆಕಾರ ಬಂದ ಮೇಲೆ ತೊಟ್ಟಿಗೆ ಎತ್ತರವೂ ಬೇಕು. ಮರಿಯೊಂದಕ್ಕೆ ನಾಲ್ಕು ಲೀಟರಾದರೂ ನೀರು ದೊರೆಯುವಂತೆ ಹಂಚುವುದು ಮೇಲು. ದೊಡ್ಡ ಮರಿಗಳು ಸಣ್ಣವನ್ನು ಊಟದಿಂದ ದೂಡುವುದರಿಂದ ಗಾತ್ರ ನೋಡಿ ಬೇರ್ಪಡಿಸಬೇಕು. ಚೆನ್ನಾಗಿ ಬೆಳೆದ ಮರಿಯ ದೇಹ ಎಂಟು ವಾರಗಳಲ್ಲಿ ಸರಿಸುಮಾರು ಒಂದು ರೂಪಾಯಿಯ ನಾಣ್ಯದಷ್ಟಾಗುವುದು.

ಒಂದು ಜೋಡಿ ಒಮ್ಮೆಗೆ ನೂರಾರು ಮೊಟ್ಟೆಗಳನ್ನಿಡಬಲ್ಲುದು. ಅಷ್ಟನ್ನೂ ಬೆಳೆಸುವ ಸ್ಥಳ ಯಾರ ಮನೆಯಲ್ಲಿದೆ? ಹೆಚ್ಚಾದ ಮರಿಗಳನ್ನು ನೆಂಟರಿಷ್ಟರಿಗೋ ಅಂಗಡಿಗೋ ಕೊಡಬಹುದು. ಕರುಣೆಯಿಂದಲೇ ಆಗಲಿ, ಊರ ಕೆರೆಗೆ ಬಿಡಕೂಡದು. 1952ರಲ್ಲಿ ಭಾರತಕ್ಕೆ ತಂದ ಮೊಸಾಂಬಿಕ್ ತಿಲಾಪಿಯವೂ ಸಿಕ್ಲಿಡ್ ಕುಲದ್ದೇ. ಅದು ಕೆರೆ ಜಲಾಶಯಗಳಲ್ಲೆಲ್ಲ ಹಬ್ಬಿ ನಾಡಮೀನುಗಳ ಪಾಲಿಗೆ ಕಂಟಕವಾಗಿದೆ. ಎಷ್ಟು ಮರಿಗಳಿಗೆ ಶುದ್ಧವಾದ ನೀರನ್ನು ಒದಗಿಸಬಲ್ಲೆವೋ ಅಷ್ಟನ್ನೇ ಇಟ್ಟುಕೊಂಡು ಸಾಕುವುದು ವಿವೇಕವೆಂದು ನಮ್ಮ ಅಭಿಪ್ರಾಯ.