ಹಳೆಯ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡು ಕೂಡುವುದಿಲ್ಲವೆಂಬ ಮಾತು

ನಮ್ಮ ಬೀದಿಯ ಕೊನೆಯಲ್ಲಿ ಹೊಲಿಗೆಯ ಅಂಗಡಿಯನ್ನು ಇಟ್ಟುಕೊಂಡಿರುವವರ ಮಗ, ಆನಿಮೇಷನ್ ಕಲಿಯುತ್ತಿರುವ ಹುಡುಗ, ಹೋದ ಮಳೆಗಾಲದ ಒಂದು ಸಂಜೆ ಅರ್ಧ ನೆನೆದ ಕಾಗದವೊಂದನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದನು. ಅದು ಪೇಟೆಯ ಅಂಗಡಿಯೊಂದರಲ್ಲಿ ಬರೆದುಕೊಟ್ಟಿದ್ದ ಕೊಟೇಶನ್ನು. ಹೊಸ ಪ್ರೊಸೆಸರ್, ಹೊಸ ಮದರ್‌ಬೋರ್ಡ್, ಹೊಸ ರ್‍ಯಾಮ್, ಹೊಸ ಎಸ್‌ಎಂಪಿಎಸ್, ಹೊಸ ಕ್ಯಾಬಿನೆಟ್, ಎಲ್ಲಕ್ಕಿಂತ ಕೆಳಗೆ ಅವನು ನಿಜವಾಗಿ ಕೇಳಲು ಹೋಗಿದ್ದ ಒಂದೇ ಒಂದು ವಸ್ತು, ಗ್ರಾಫಿಕ್ಸ್ ಕಾರ್ಡು; ಒಟ್ಟು ಮೊತ್ತ 60,000 ರೂಪಾಯಿಗಳನ್ನು ಮೀರಿತ್ತು. "ಸರ್, ನಮ್ಮದು ಹಳೇ ಸ್ಲಾಟಂತೆ. ಈಗಿನ ಕಾರ್ಡು ಅದರಲ್ಲಿ ಕೂರೋದೇ ಇಲ್ಲವಂತೆ. ಬಲವಂತವಾಗಿ ಹಾಕಿದರೆ ಬೋರ್ಡೇ ಸುಟ್ಟುಹೋಗುತ್ತದಂತೆ" ಎಂದು ಅವನು ಹೇಳಿದಾಗ, ಪಾಲಿಟೆಕ್ನಿಕ್ಕಿನಲ್ಲಿ ಬಹುಕಾಲ ಈ ಯಂತ್ರಗಳ ನಡುವೆಯೇ ಕಾಲ ಕಳೆದ ನನಗೆ ಆದ ಅಸಮಾಧಾನವನ್ನು ಇಲ್ಲಿ ಮರೆಮಾಚುವ ಅಗತ್ಯವಿಲ್ಲ. ಈ ಮಾತನ್ನು ನಾನು ಕೇಳಿದ್ದು ಅದೇ ಮೊದಲ ಸಲವೇನೂ ಅಲ್ಲ. ವ್ಯಾಪಾರಿಗಳು ಹೇಳುತ್ತಾರೆ, ರಿಪೇರಿಯವರು ಹೇಳುತ್ತಾರೆ, ಇಂಜಿನಿಯರಿಂಗ್ ಓದಿದವರೂ ಹೇಳುತ್ತಾರೆ. ಕ್ಯಾಬಿನೆಟ್ಟಿನ ಮುಚ್ಚಳವನ್ನು ತೆಗೆದು ನೋಡಿ ಹೇಳುವವರು ಮಾತ್ರ ಅತಿ ವಿರಳ.

ಹುಡುಗನ ಕಂಪ್ಯೂಟರಿನಲ್ಲಿದ್ದುದು ಇಂಟೆಲ್ ಸಂಸ್ಥೆಯ ನಾಲ್ಕನೆಯ ತಲೆಮಾರಿನ ಐ5 ಪ್ರೊಸೆಸರು ಮತ್ತು ಎಚ್81 ಚಿಪ್‌ಸೆಟ್ಟಿನ ಮದರ್‌ಬೋರ್ಡು, ಅಂದರೆ 2013–14ರ ಕಾಲದ ಸರಂಜಾಮು. ಎಚ್81 ಬೋರ್ಡಿನ ಉದ್ದನೆಯ ಸ್ಲಾಟು, ಕಾರ್ಡುಗಳನ್ನು ಬೋರ್ಡಿಗೆ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ಎಂಬ ಪ್ರಮಾಣದ ಎರಡನೆಯ ಆವೃತ್ತಿಯದು. ಅವನು ಕೊಳ್ಳಬಯಸಿದ್ದ ಆರ್‌ಟಿಎಕ್ಸ್ 3050, 6 ಜಿಬಿಯ ಕಾರ್ಡು, 2024ರಲ್ಲಿ ಬಂದದ್ದು. ಅದು ನಾಲ್ಕನೆಯ ಆವೃತ್ತಿಯದು. ಎರಡಕ್ಕೂ ನಾಲ್ಕಕ್ಕೂ ಹೊಂದಾಣಿಕೆಯಿಲ್ಲವೆಂಬುದೇ ಅಂಗಡಿಯವರ ವಾದದ ಸಮಸ್ತ ಆಧಾರ.

ಪಿಸಿಐ ಎಕ್ಸ್‌ಪ್ರೆಸ್ಸಿನ ಮೊದಲನೆಯ ಆವೃತ್ತಿ 2003ರಲ್ಲಿ ಪ್ರಕಟವಾಯಿತು. ಎರಡನೆಯದು 2007ರಲ್ಲಿ, ಮೂರನೆಯದು 2010ರಲ್ಲಿ, ನಾಲ್ಕನೆಯದು 2017ರಲ್ಲಿ, ಐದನೆಯದು 2019ರಲ್ಲಿ. ಒಂದೊಂದು ಆವೃತ್ತಿಯಲ್ಲಿಯೂ ವೇಗವು ಹೆಚ್ಚುಕಡಿಮೆ ಇಮ್ಮಡಿಯಾಗುತ್ತ ಬಂದಿದೆಯೇ ಹೊರತು, ಗ್ರಾಫಿಕ್ಸ್ ಕಾರ್ಡು ಕೂರುವ ಸ್ಲಾಟಿನ ಉದ್ದವಾಗಲಿ, ಅದರ ನಡುವಿನ ಕಚ್ಚಾಗಲಿ, ವಿದ್ಯುತ್ತು ಹರಿಯುವ ಪಿನ್ನುಗಳ ಸ್ಥಾನವಾಗಲಿ ಬದಲಾಗಿಲ್ಲ. ಹಿಂದಿನದರೊಡನೆ ಮುಂದಿನದು ಕೂಡಿ ನಡೆಯತಕ್ಕದ್ದೆಂಬುದನ್ನು ಈ ಪ್ರಮಾಣವನ್ನು ರೂಪಿಸಿದವರು ಆರಂಭದಿಂದಲೂ ಒಂದು ನಿಯಮವಾಗಿಯೇ ಪಾಲಿಸಿಕೊಂಡು ಬಂದಿದ್ದಾರೆ. ಸ್ವಿಚ್ಚು ಒತ್ತಿದೊಡನೆ ಕಾರ್ಡೂ ಬೋರ್ಡೂ ಮೊದಲು ಅತ್ಯಂತ ಕಡಿಮೆಯದಾದ ಮೊದಲನೆಯ ಆವೃತ್ತಿಯ ವೇಗದಲ್ಲಿಯೇ ಪರಸ್ಪರ ಮಾತನಾಡಲು ತೊಡಗುತ್ತವೆ. ಅನಂತರ, ನಿನಗೆಷ್ಟು ಸಾಧ್ಯ, ನನಗೆಷ್ಟು ಸಾಧ್ಯ ಎಂದು ವಿಚಾರಿಸಿಕೊಂಡು, ಇಬ್ಬರಿಗೂ ಸಾಧ್ಯವಾದ ಗರಿಷ್ಠ ವೇಗಕ್ಕೆ ಏರಿ ನಿಲ್ಲುತ್ತವೆ. ಐದನೆಯ ಆವೃತ್ತಿಯ ಕಾರ್ಡೂ ಹುಟ್ಟಿದ ಕ್ಷಣದಲ್ಲಿ ಆಡುವುದು ಮೊದಲನೆಯ ಆವೃತ್ತಿಯ ಭಾಷೆಯನ್ನೇ. ಸುಟ್ಟುಹೋಗುವ ಮಾತು ಇಲ್ಲಿ ಎಲ್ಲಿಂದ ಬಂದಿತು?

ಮೀಟರ್ ಗೇಜಿನ ಹಳಿಯ ಮೇಲೆ ಬ್ರಾಡ್ ಗೇಜಿನ ಗಾಡಿಯನ್ನು ನಿಲ್ಲಿಸಲಾಗದೆಂಬುದು ನಮ್ಮ ರಾಜ್ಯದಲ್ಲಿ ಗೇಜು ಪರಿವರ್ತನೆಯ ದಿನಗಳನ್ನು ಕಂಡವರಿಗೆಲ್ಲ ತಿಳಿದಿದೆ. ಅಂಗಡಿಯವರು ಸ್ಲಾಟಿನ ವಿಷಯವನ್ನೂ ಅದೇ ಬಗೆಯದೆಂದು ಭಾವಿಸಿದ್ದಾರೆ. ವಸ್ತುತಃ ಇಲ್ಲಿ ಗೇಜು ಒಂದೇ. ಈ ಹಳಿಯ ಮೇಲೆ ಗಾಡಿ ಎಷ್ಟು ವೇಗವಾಗಿ ಓಡಬಹುದೆಂಬ ಮಿತಿ ಮಾತ್ರ ಬೇರೆ.

ಹಾಗಾದರೆ ವೇಗದ ನಷ್ಟವೆಷ್ಟು ಎಂಬುದು ನ್ಯಾಯವಾದ ಪ್ರಶ್ನೆ. ಎರಡನೆಯ ಆವೃತ್ತಿಯಲ್ಲಿ ಒಂದು ಲೇನಿಗೆ, ಅಂದರೆ ಮಾಹಿತಿ ಹರಿಯುವ ಒಂದು ದಾರಿಗೆ, ಸೆಕೆಂಡಿಗೆ 500 ಎಂಬಿ, ನಾಲ್ಕನೆಯದರಲ್ಲಿ ಸುಮಾರು 2 ಜಿಬಿ. ಹುಡುಗನ ಕಾರ್ಡು ಬಳಸುವುದು ಎಂಟು ಲೇನುಗಳನ್ನು. ಆದ್ದರಿಂದ ಹೊಸ ಬೋರ್ಡಿನಲ್ಲಿ ಸೆಕೆಂಡಿಗೆ ಸುಮಾರು 16 ಜಿಬಿ ಹರಿಯುವ ಕಡೆ ಅವನ ಹಳೆಯ ಬೋರ್ಡಿನಲ್ಲಿ 4 ಜಿಬಿ ಹರಿಯುತ್ತದೆ. ಕಾಲುಭಾಗ ಎಂದೊಡನೆ ಎದೆ ಹಾರುತ್ತದೆ. ಆದರೆ ಅವನು ಮಾಡುವ ಕೆಲಸವಾದರೂ ಏನು? ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ದೃಶ್ಯವೊಂದನ್ನು ರಚಿಸಿ ರೆಂಡರ್ ಮಾಡುವುದು. ಆ ಕೆಲಸದಲ್ಲಿ ದೃಶ್ಯದ ಸಮಸ್ತ ಸಾಮಗ್ರಿಯೂ ಒಮ್ಮೆ ಸ್ಲಾಟಿನ ಮೂಲಕ ಕಾರ್ಡಿನ ಸ್ವಂತ ಮೆಮೊರಿಯೊಳಗೆ ಹೋಗಿ ಕುಳಿತಿತೆಂದರೆ, ಮಿಕ್ಕ ಲೆಕ್ಕಾಚಾರವೆಲ್ಲ ಕಾರ್ಡಿನೊಳಗೇ ನಡೆಯುತ್ತದೆ. ಕಾರ್ಡಿನ 6 ಜಿಬಿ ಮೆಮೊರಿ ಕಂಠಪೂರ್ತಿ ತುಂಬಲು ಹಳೆಯ ಸ್ಲಾಟಿನಲ್ಲಿ ಒಂದೂವರೆ ಸೆಕೆಂಡು ಬೇಕು, ಹೊಸದರಲ್ಲಿ ಅರ್ಧ ಸೆಕೆಂಡೂ ಬೇಡ. ಒಂದೊಂದು ಚೌಕಟ್ಟಿಗೆ ಹಲವು ನಿಮಿಷ ಹಿಡಿಯುವ ಕೆಲಸದಲ್ಲಿ ಈ ಒಂದು ಸೆಕೆಂಡನ್ನು ಉಳಿಸಲು ಬಡ ಗೃಹಸ್ಥನು ಇನ್ನೂ 40,000 ರೂಪಾಯಿಗಳನ್ನು ಸಾಲ ಮಾಡಬೇಕೆಂದು ಹೇಳುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಆಟಗಳಲ್ಲಿ ವ್ಯತ್ಯಾಸ ಇನ್ನೂ ಸ್ವಲ್ಪ ಹೆಚ್ಚಾಗಿ ತೋರುತ್ತದೆ, ಒಪ್ಪುತ್ತೇನೆ. ಆವೃತ್ತಿಯ ಅಂತರದಿಂದ ನಿಜಕ್ಕೂ ಪೆಟ್ಟು ತಿಂದ ಕಾರ್ಡೊಂದಿದೆ: 2022ರ ಜನವರಿಯಲ್ಲಿ ಎಎಂಡಿ ಸಂಸ್ಥೆಯು ಹೊರತಂದ ಆರ್‌ಎಕ್ಸ್ 6500 ಎಕ್ಸ್‌ಟಿ. ಅದಕ್ಕೆ ಇರುವುದು ನಾಲ್ಕೇ ಲೇನು, 4 ಜಿಬಿ ಮೆಮೊರಿ. ಮೆಮೊರಿ ಸಾಲದೆ ಬಂದಾಗ ಅದು ಮತ್ತೆ ಮತ್ತೆ ಸ್ಲಾಟಿನ ಮೂಲಕವೇ ಸಾಮಗ್ರಿಯನ್ನು ಎಳೆದುಕೊಳ್ಳಬೇಕಾಗುವುದರಿಂದ, ಮೂರನೆಯ ಆವೃತ್ತಿಯ ಬೋರ್ಡಿನಲ್ಲಿಯೇ ಅದು ಎದ್ದು ಕಾಣುವಂತೆ ಮುಗ್ಗರಿಸುತ್ತದೆ. ಆದರೂ ಅದು ಕೂರುವುದಿಲ್ಲವೆಂದಲ್ಲ, ಸುಡುತ್ತದೆಂದಲ್ಲ, ನಿಧಾನವಾಗುತ್ತದೆ, ಅಷ್ಟೆ.

ಈ ತಪ್ಪು ಕಲ್ಪನೆಗೆ ಬುಡವೇ ಇಲ್ಲವೆಂದು ನಾನು ಹೇಳಲಾರೆ. 1997ರಲ್ಲಿ ಇಂಟೆಲ್ ತಂದ ಎಜಿಪಿ ಎಂಬ ಸ್ಲಾಟಿನ ಕಾಲದಲ್ಲಿ 3.3 ವೋಲ್ಟಿನ ಕಾರ್ಡುಗಳೂ 1.5 ವೋಲ್ಟಿನ ಕಾರ್ಡುಗಳೂ ಬೇರೆ ಬೇರೆಯಾಗಿದ್ದು, ಕಚ್ಚು ಹೊಂದದ ಕಡೆ ಬಲವಂತ ಮಾಡಿದರೆ ಅನಾಹುತವಾಗುವ ಸಂಭವ ವಾಸ್ತವವಾಗಿಯೇ ಇತ್ತು. 2004ರ ಸುಮಾರಿಗೆ ಎಜಿಪಿ ಹೋಗಿ ಪಿಸಿಐ ಎಕ್ಸ್‌ಪ್ರೆಸ್ ಬಂದಾಗ ಒಂದರ ಕಾರ್ಡು ಇನ್ನೊಂದರಲ್ಲಿ ಕೂರುತ್ತಲೇ ಇರಲಿಲ್ಲ. ಅದರ ಜೊತೆಗೆ ಪ್ರೊಸೆಸರಿನ ಸಾಕೆಟ್ಟು ನಾಲ್ಕಾರು ವರ್ಷಕ್ಕೊಮ್ಮೆ ಬದಲಾಗುತ್ತದೆ, ರ್‍ಯಾಮು ಡಿಡಿಆರ್3ರಿಂದ 4ಕ್ಕೆ, 4ರಿಂದ 5ಕ್ಕೆ ಹೋದಾಗ ಕಚ್ಚಿನ ಸ್ಥಾನವೇ ಪಲ್ಲಟವಾಗುತ್ತದೆ. ಎಲ್ಲವೂ ಬದಲಾಗುವುದನ್ನು ಕಂಡವರು ಇದೂ ಬದಲಾಗಿರಬೇಕೆಂದು ಊಹಿಸಿದರೆ ಆ ಊಹೆ ಸಹಜ. ಆದರೆ ಇಪ್ಪತ್ತು ವರ್ಷಗಳ ಹಿಂದಿನ ಅನುಭವವನ್ನು ಇಂದಿನ ಗಿರಾಕಿಯ ಮುಂದೆ ಸಿದ್ಧಾಂತವೆಂಬಂತೆ ಇಡುವವರು, ಆ ನಡುವೆ ಒಂದು ಸಲವಾದರೂ ಕಾರ್ಡನ್ನು ಸ್ಲಾಟಿಗೆ ಇಟ್ಟು ನೋಡಬೇಡವೇ?

ಈ ತಪ್ಪು ಕಲ್ಪನೆಯ ಆಶ್ರಯದಲ್ಲಿ ಬೆಳೆದ ಕಿರಿಯ ನಂಬಿಕೆಗಳನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಬೋರ್ಡಿನಲ್ಲಿ ಡಿಡಿಆರ್3 ರ್‍ಯಾಮ್ ಇದ್ದರೆ ಜಿಡಿಡಿಆರ್6 ಮೆಮೊರಿಯ ಕಾರ್ಡು ನಡೆಯುವುದಿಲ್ಲವೆನ್ನುತ್ತಾರೆ. ಆ ಮೆಮೊರಿ ಕಾರ್ಡಿನ ಮೇಲೆಯೇ ಬೆಸೆದು ಬಂದಿರುತ್ತದೆ, ಬೋರ್ಡಿನ ರ್‍ಯಾಮಿಗೂ ಅದಕ್ಕೂ ಸಂಬಂಧವೇ ಇಲ್ಲ. ಇಂಟೆಲ್ ಪ್ರೊಸೆಸರಿಗೆ ಎಎಂಡಿ ಕಾರ್ಡು ಆಗದೆಂಬುದು ಶುದ್ಧ ಸುಳ್ಳು. ಮೆಮೊರಿ ಹೆಚ್ಚಿದ್ದರೆ ಕಾರ್ಡು ವೇಗವೆಂದು ನಂಬಿ 4 ಜಿಬಿಯ ಜಿಟಿ 730 ಕೊಂಡವರು ಹಣವನ್ನು ನೀರಿಗೆ ಹಾಕಿದಂತೆಯೇ ಸರಿ. ಹಳೆಯ ಪ್ರೊಸೆಸರು ಹೊಸ ಕಾರ್ಡನ್ನು "ಬಾಟಲ್‌ನೆಕ್" ಮಾಡಿ ಹಾಳುಗೆಡಹುತ್ತದೆಂಬ ಭಯಕ್ಕೂ ಆಧಾರವಿಲ್ಲ. ಪ್ರೊಸೆಸರು ಚೌಕಟ್ಟನ್ನು ಸಿದ್ಧಪಡಿಸಿ ಕೊಡುವವರೆಗೆ ಕಾರ್ಡು ಕಾಯುತ್ತದೆ, ಕಾದರೆ ಅದು ಸವೆಯುವುದಿಲ್ಲ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಯಾವ ಹಳೆಯ ಯಂತ್ರಕ್ಕೂ ಯಾವ ಕಾರ್ಡನ್ನಾದರೂ ತೊಡಿಸಬಹುದೆಂದು ಯಾರೂ ಭಾವಿಸಬಾರದು. ಅಡ್ಡಿಗಳಿವೆ, ಆದರೆ ಅವು ಅಂಗಡಿಯವರು ತೋರಿಸಿದ ಕಡೆ ಇಲ್ಲ. ಮುಖ್ಯವಾದ ಅಡ್ಡಿ ಎಸ್‌ಎಂಪಿಎಸ್, ಅಂದರೆ ಯಂತ್ರಕ್ಕೆ ವಿದ್ಯುತ್ತನ್ನು ಒದಗಿಸುವ ಪೆಟ್ಟಿಗೆ. ಸ್ಲಾಟಿನ ಮೂಲಕ ಕಾರ್ಡಿಗೆ ದೊರೆಯುವುದು ಹೆಚ್ಚೆಂದರೆ 75 ವ್ಯಾಟು. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಎಸ್‌ಎಂಪಿಎಸ್ಸಿನಿಂದ ನೇರವಾಗಿ ತಂತಿ ಬರಬೇಕು, ಆರು ಪಿನ್ನಿನದಾದರೆ ಇನ್ನೊಂದು 75, ಎಂಟು ಪಿನ್ನಿನದಾದರೆ 150 ವ್ಯಾಟು. ಅಂತಹ ತಂತಿಯಿಲ್ಲದ ಕಡೆ ಹಾರ್ಡ್‌ಡಿಸ್ಕಿನ ಸಾಟಾ ತಂತಿಗೆ ಒಂದು ಅಗ್ಗದ ಕನ್ವರ್ಟರನ್ನು ಸಿಕ್ಕಿಸಿಕೊಡುವ ಪದ್ಧತಿಯನ್ನು ನಾನು ಅನೇಕ ಕಡೆ ಕಂಡಿದ್ದೇನೆ. ಸಾಟಾ ಕನೆಕ್ಟರಿನಲ್ಲಿ 12 ವೋಲ್ಟು ಬರುವುದು ಮೂರು ಪಿನ್ನುಗಳಲ್ಲಿ, ಒಂದೊಂದರ ತಾಳಿಕೆ 1.5 ಆಂಪಿಯರು, ಒಟ್ಟು 54 ವ್ಯಾಟು. ಅದರ ಮೂಲಕ 75 ವ್ಯಾಟನ್ನು ಎಳೆದರೆ ಪ್ಲಾಸ್ಟಿಕ್ಕು ಮೆತ್ತಗಾಗಿ ಕಂದಿ ಕರಗುತ್ತದೆ. ಬೆಂಕಿಯ ಭಯ ನಿಜವಾಗಿ ಇರುವುದು ಇಲ್ಲಿ. ಸ್ಲಾಟಿನ ವಿಷಯದಲ್ಲಿ ಸುಡುತ್ತದೆಂದು ಹೆದರಿಸುವ ಜನರೇ ಈ ಕನ್ವರ್ಟರನ್ನು ನಿಶ್ಚಿಂತೆಯಿಂದ ಕೈಗಿಡುವುದನ್ನು ಕಂಡು ನನಗೆ ಬಹಳ ದುಃಖವಾಗಿದೆ.

ಬೋರ್ಡನ್ನು ಎಬ್ಬಿಸುವ ತಂತ್ರಾಂಶವಾದ ಬಯೋಸ್ ಎರಡನೆಯ ಅಡ್ಡಿ. ಅದರ ಹೊಸ ರೂಪವಾದ ಯುಇಎಫ್‌ಐ ರೂಢಿಗೆ ಬರುವುದಕ್ಕೆ ಮುಂಚಿನ, ಹೆಚ್ಚುಕಡಿಮೆ 2011ಕ್ಕೂ ಹಿಂದಿನ ಕೆಲವು ಬೋರ್ಡುಗಳು ಹೊಸ ಕಾರ್ಡಿನೊಡನೆ ಪರದೆಯನ್ನೇ ಬೆಳಗಿಸದೆ ನಿಂತುಬಿಡುತ್ತವೆ. ಇಂಟೆಲ್ಲಿನ ಆರ್ಕ್ ಕಾರ್ಡುಗಳಿಗಂತೂ ರೀಸೈಜಬಲ್ ಬಾರ್ ಎಂಬ ಸೌಲಭ್ಯ ಬೋರ್ಡಿನಲ್ಲಿ ಇರಬೇಕು, ಇಲ್ಲದಿದ್ದರೆ ಅವು ತಮ್ಮ ಪೂರ್ಣ ಶಕ್ತಿಯನ್ನು ತೋರಲಾರವು; ಹಳೆಯ ಯಂತ್ರಕ್ಕೆ ಅವನ್ನು ನಾನು ಹೇಳುವುದಿಲ್ಲ. ಎನ್‌ವಿಡಿಯಾ ಸಂಸ್ಥೆಯು 32 ಬಿಟ್ಟಿನ ವಿಂಡೋಸಿಗೆ ಹೊಸ ಡ್ರೈವರುಗಳನ್ನು ಕೊಡುವುದನ್ನು 2018ರಲ್ಲಿಯೇ ನಿಲ್ಲಿಸಿತು. ಮಾನಿಟರಿನಲ್ಲಿ ನೀಲಿ ಬಣ್ಣದ ವಿಜಿಎ ಕಿಂಡಿ ಮಾತ್ರ ಇದ್ದರೆ ಅದಕ್ಕೂ ಒಂದು ಅಡಾಪ್ಟರು ಬೇಕು.

ಹುಡುಗನ ಕಂಪ್ಯೂಟರಿಗೆ ಈ ಯಾವ ಅಡ್ಡಿಯೂ ಇರಲಿಲ್ಲ. ಅವನು ಆರಿಸಿದ್ದ ಕಾರ್ಡು 70 ವ್ಯಾಟಿನದು, ಬೇರೆ ತಂತಿಯನ್ನು ಬೇಡುವಂಥದಲ್ಲ. ಕಾರ್ಡು ಬಂದ ದಿನ ಅವನ ತಂದೆಯೂ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಬಂದು ಕುಳಿತರು. ಮುಚ್ಚಳ ತೆಗೆದಾಗ ಒಳಗೆ ಬಟ್ಟೆಯ ನೂಲೂ ಧೂಳೂ ಬೆರೆತು ಫ್ಯಾನಿನ ಮೇಲೆ ಕಂಬಳಿಯಂತೆ ಹೆಣೆದುಕೊಂಡಿತ್ತು. ಅದನ್ನು ಬ್ರಶ್ಶಿನಿಂದ ಬಿಡಿಸಿ, ಹಿಂದಿನ ಎರಡು ತಗಡಿನ ಪಟ್ಟಿಗಳನ್ನು ಕಳಚಿ, ಕಾರ್ಡನ್ನು ಸ್ಲಾಟಿನ ಮೇಲೆ ನೇರವಾಗಿ ಇಟ್ಟು ಎರಡು ತುದಿಗಳನ್ನೂ ಸಮವಾಗಿ ಒತ್ತಿದೆವು. ತುದಿಯ ಕೊಕ್ಕೆ 'ಟಕ್' ಎಂದು ಕಚ್ಚಿಕೊಂಡಿತು. ಆದರೂ ಪರದೆ ಕಪ್ಪಾಗಿಯೇ ಇತ್ತು. "ನೋಡಿ ಮೇಷ್ಟ್ರೇ, ಅವರು ಹೇಳಿದ್ದೇ ಆಯ್ತಲ್ಲ" ಎಂದು ತಂದೆ ಎದ್ದು ನಿಂತರು. ಎಚ್‌ಡಿಎಂಐ ತಂತಿ ಇನ್ನೂ ಮದರ್‌ಬೋರ್ಡಿನ ಕಿಂಡಿಯಲ್ಲಿಯೇ ಇತ್ತು. ಅದನ್ನು ಕಿತ್ತು ಕಾರ್ಡಿನ ಕಿಂಡಿಗೆ ಹಾಕಿದೊಡನೆ ಪರದೆ ಬೆಳಗಿತು. ಎಷ್ಟು ಒಳ್ಳೆಯ ಕಾರ್ಡುಗಳು ಈ ಒಂದು ತಂತಿಯ ದೆಸೆಯಿಂದ "ಹೊಂದುವುದಿಲ್ಲ" ಎನ್ನಿಸಿಕೊಂಡು ಅಂಗಡಿಗೆ ಹಿಂದಿರುಗಿರಬಹುದೋ!

ಜಿಪಿಯು-ಜೆಡ್ ಎಂಬ ತಂತ್ರಾಂಶದಲ್ಲಿ ನೋಡಿದಾಗ ಸ್ಲಾಟಿನ ವೇಗ ಆವೃತ್ತಿ 1.1ರದು ಎಂದು ತೋರಿತು. ಹುಡುಗನ ಮುಖ ಬಾಡಿತು. ಕೆಲಸವಿಲ್ಲದಾಗ ವಿದ್ಯುತ್ತನ್ನು ಉಳಿಸಲು ಕಾರ್ಡು ತಾನಾಗಿಯೇ ಕೆಳಗಿನ ವೇಗಕ್ಕೆ ಇಳಿದಿರುತ್ತದೆಂದು ಹೇಳಿ, ಒಂದು ರೆಂಡರನ್ನು ಆರಂಭಿಸಲು ತಿಳಿಸಿದೆನು. ನಮ್ಮ ಕಣ್ಣೆದುರಿಗೇ ಅಂಕಿ 2.0ಕ್ಕೆ ಏರಿತು. ಹಿಂದೆ ರಾತ್ರಿಯಿಡೀ ಬಿಟ್ಟು ಮಲಗುತ್ತಿದ್ದ ದೃಶ್ಯ ಅಂದು ಅವನು ಮನೆಗೆ ಹೋಗಿ ಊಟ ಮುಗಿಸಿ ಬರುವುದರೊಳಗೆ ಸಿದ್ಧವಾಗಿತ್ತು.

ನನ್ನನ್ನು ನೋಯಿಸುವುದು ಒಂದು ಅಂಗಡಿಯ ಒಂದು ತಪ್ಪಲ್ಲ. ಬೋರ್ಡಿನ ಕೈಪಿಡಿ ಯಾರಿಗೂ ನಿಲುಕದ ಗ್ರಂಥವಲ್ಲ, ಕಾರ್ಡಿನ ಪೆಟ್ಟಿಗೆಯ ಮೇಲೆಯೇ ವ್ಯಾಟು ಅಚ್ಚಾಗಿದೆ. ಆದರೂ ನಾವು ಓದದೆ, ತೆರೆಯದೆ, ಅಳೆಯದೆ, "ಅಂತೆ" ಎಂಬ ಒಂದು ಪ್ರತ್ಯಯದ ಮೇಲೆ ಮನೆಯ ಉಳಿತಾಯವನ್ನು ಇಟ್ಟುಬಿಡುತ್ತೇವೆ. ಔಷಧದಲ್ಲಿ, ಬಿತ್ತನೆಯ ಬೀಜದಲ್ಲಿ, ಮಕ್ಕಳ ಕೋರ್ಸುಗಳ ಆಯ್ಕೆಯಲ್ಲಿ ಈ "ಅಂತೆ" ಮಾಡುತ್ತಿರುವ ಹಾನಿ ಇದಕ್ಕಿಂತ ದೊಡ್ಡದು. ಶಾಲೆಗಳ ಪ್ರಯೋಗಾಲಯಗಳಿಂದ ಇನ್ನೂ ದುಡಿಯಬಲ್ಲ ಯಂತ್ರಗಳು ಗುಜರಿಗೆ ಹೋಗುವುದನ್ನು ನಾನು ನೋಡಿದ್ದೇನೆ. ಅವುಗಳ ಪೈಕಿ ಕೆಲವಕ್ಕೆ ಬೇಕಾಗಿದ್ದುದು ಒಂದು ಸಾಧಾರಣ ಕಾರ್ಡು ಮಾತ್ರ.

ವಾರ ಕಳೆದ ಮೇಲೆ ಹುಡುಗನು ತನ್ನ ಸಹಪಾಠಿಯೊಬ್ಬನನ್ನು ಕರೆತಂದನು. ಅವನ ಬಗಲಲ್ಲಿದ್ದುದು ಕಚೇರಿಗಳಿಂದ ಸೆಕೆಂಡ್ ಹ್ಯಾಂಡಾಗಿ ಬರುವ ಚಪ್ಪಟೆಯ ಪುಟ್ಟ ಕ್ಯಾಬಿನೆಟ್ಟು. ಎಸ್‌ಎಂಪಿಎಸ್ಸಿನ ಚೀಟಿಯ ಮೇಲೆ 240 ವ್ಯಾಟು. "ನನ್ನದಕ್ಕೂ ಅದೇ ಕಾರ್ಡು ಹಾಕಬಹುದಲ್ಲವೇ ಸರ್?" ಎಂದನು. ಆಗದು ಎಂದೆನು. "ಹಾಗಾದರೆ ಸ್ಲಾಟು ಹಳೆಯದಾದರೆ ಕೂರೋದಿಲ್ಲ ಅನ್ನೋದು ನಿಜವೇ?" ಎಂದು ಅವನು ಕೇಳುವಷ್ಟರಲ್ಲಿಯೇ ನಮ್ಮ ಹುಡುಗನು ಅಂಗಡಿಯಿಂದ ತಂದೆಯ ಅಳತೆಯ ಟೇಪನ್ನು ತಂದಿದ್ದನು. ಕ್ಯಾಬಿನೆಟ್ಟಿನ ಹಿಂಬದಿಯ ಕಂಡಿಯ ಮೇಲೆ ಅದನ್ನು ಹಿಡಿದು, "ಸ್ಲಾಟಲ್ಲ ಕಣೋ, ಎತ್ತರ. ನನ್ನ ಕಾರ್ಡಿನ ಪಟ್ಟಿ 12 ಸೆಂಟಿಮೀಟರು, ನಿನ್ನ ಕಂಡಿ 8. ಇದೇ ಕಾರ್ಡು ಲೋ ಪ್ರೊಫೈಲಿನಲ್ಲೂ ಬರುತ್ತದೆ, ಅದನ್ನು ನೋಡೋಣ" ಎಂದನು, ಮುಚ್ಚಳದ ತಿರುಪುಗಳನ್ನು ಬಿಚ್ಚಲು ಇಬ್ಬರೂ ಜಗುಲಿಯ ಮೇಲೆ ಕುಳಿತರು.